ಗುಡ್ಡಕ್ಕೆ ಎಷ್ಟು ಜಾಗ ಬೇಕು

ಧಾರವಾಡದಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಊರಿನ ಮೂಡಲ ಕಡೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ಪಡುವಲ ಕಡೆ ಬಿದ್ದದ್ದು ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಗೆ ಇಳಿಯುತ್ತದೆ. ಶಾಲ್ಮಲೆ ಹುಬ್ಬಳ್ಳಿ ಕಡೆಯ ಹಳ್ಳವನ್ನು ಕಲಘಟಗಿ ಸೀಮೆಯಲ್ಲಿ ಕೂಡಿಕೊಂಡು ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕಳಚಿ ಬಿದ್ದಾಗ, ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ದೂಡಿಕೊಂಡು ಹೋಗಿ ಮುಳುಗಿಸಿದ್ದು ಈ ನೀರಿನಲ್ಲೇ. 11 ಮಂದಿ ಹೋದರು. ಕೇರಳದ ಲಾರಿ ಚಾಲಕನೊಬ್ಬನ ದೇಹ ಲಾರಿಯ ಸಮೇತ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆ ಎರಡು ತಿಂಗಳು ನಮ್ಮ ಕಡೆಯ ಮನೆಗಳಲ್ಲೂ ಟಿವಿ ಆರಲಿಲ್ಲ. ಬೆಳಗಾವಿಯಿಂದ ಸೈನಿಕರು ಹೋದರು, ಗೋಕಾಕದಿಂದ ಉದ್ದ ಕೈಯ ಅಗೆಯುವ ಯಂತ್ರ ಹೋಯಿತು, ಗೋವೆಯಿಂದ ಹೂಳೆತ್ತುವ ಯಂತ್ರ ಬಂತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇದಕ್ಕೊಂದು ಶಾಶ್ವತ ಪರಿಹಾರ ಆಗಬೇಕು.

ಹಾಗೆಂದರೆ ಏನು ಎಂಬುದನ್ನು ಕಣ್ಣಾರೆ ನೋಡುವ ಹುಕಿಗೆ ಬಿದ್ದು, ಮಾರನೇ ವರ್ಷದ ಬೇಸಿಗೆಯಲ್ಲಿ, ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತನಾದ ಗೆಳೆಯನ ಜೊತೆ ಹುಬ್ಬಳ್ಳಿಯಲ್ಲಿ ಅಂಕೋಲೆಯ ಬಸ್ಸು ಹತ್ತಿದೆ. ಬಂದು ಇಷ್ಟು ದಿನವಾದರೂ ಆ ತಿರುಗಾಟ ತಲೆಯಿಂದ ಇಳಿದಿಲ್ಲ.

ಕಲಘಟಗಿ ದಾಟುವ ಹೊತ್ತಿಗೆ ಎರೆ ಮಣ್ಣು ಮುಗಿದು ಕೆಂಪು ನೆಲ ಶುರುವಾಗುತ್ತದೆ. ನಮ್ಮ ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಮನೆಗೋಡೆಗಳನ್ನು ಸೀಳುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ನೆಲ ಎದ್ದು ನಡೆದು ಬರಬಹುದು ಎಂಬ ಕಲ್ಪನೆಯೇ ಬಯಲುಸೀಮೆಯವನಿಗಿಲ್ಲ. ಧಾರವಾಡದಲ್ಲಿ ವರ್ಷವಿಡೀ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಅಂಕೋಲೆಯಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಕಿರವತ್ತಿಯ ಸಾಗುವಾನಿ ಮರಗಳ ನಡುವೆ ಗೆಳೆಯ ಹುಬ್ಬಳ್ಳಿ–ಅಂಕೋಲಾ ರೈಲಿನ ಕಥೆ ತೆಗೆದ. 1990ರ ದಶಕದಲ್ಲಿ ಮಂಜೂರಾದ, 160 ಕಿಲೋಮೀಟರಿಗೂ ಉದ್ದದ ಆ ಹಳಿ ಇನ್ನೂ ಕಾಡು ಮತ್ತು ಕೋರ್ಟಿನ ನಡುವೆ ಓಡಾಡುತ್ತಿದೆ. ಹುಬ್ಬಳ್ಳಿಯ ವ್ಯಾಪಾರಸ್ಥರ ಯಾವ ಸಭೆಗೆ ಹೋದರೂ ಅದರ ಬೇಡಿಕೆ ಕೇಳಿಬರುತ್ತದೆ. ಬಂದರು ನಮಗೆ ಹತ್ತಿರವಾಗಬೇಕು. ಈ ಆಸೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಧಾರವಾಡದ ಹತ್ತಿಯ ಮೇಲೆ ಎಲ್ಲರ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರ ಹಿಂದೆ ಕಾರವಾರ ಬಂದರು ಮತ್ತು ಈ ಹತ್ತಿಯ ಲೆಕ್ಕಾಚಾರವಿತ್ತು. ಘಟ್ಟದ ರಸ್ತೆಗಳು ಹತ್ತಿಯ ಗಾಡಿಗಳಿಗಾಗಿ ಸುಧಾರಿಸಿದವು. 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ಬಂದಾಗ ಹತ್ತಿ ಅತ್ತ ಹೋಯಿತು, ಕಾರವಾರ ಹಿಂದೆ ಉಳಿಯಿತು. ಬಯಲುಸೀಮೆಯ ಸರಕಿಗಾಗಿ ಘಟ್ಟ ಕೊರೆಯುವ ಕೆಲಸಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ, ಅದರಲ್ಲಿ ನಮ್ಮೂರಿನ ಪಾಲೂ ಇದೆ ಎಂಬುದನ್ನು ಹೇಳಲೇಬೇಕು.

ಯಲ್ಲಾಪುರದಲ್ಲಿ ಇಳಿದು ತೆಳ್ಳೇವು ತಿಂದೆವು. ಜೋಳದ ರೊಟ್ಟಿ ಬಡಿದ ಕೈಗಳ ಊರಿನಿಂದ ಬಂದವನಿಗೆ ಕಾಗದದಂತೆ ಮಡಚುವ ಆ ತಿಂಡಿ ಹೊಟ್ಟೆ ತುಂಬಿಸೀತೇ ಎಂಬ ಅನುಮಾನ ಪ್ರತಿ ಸಲವೂ ಬರುತ್ತದೆ, ಪ್ರತಿ ಸಲವೂ ಲೆಕ್ಕ ತಪ್ಪುವಷ್ಟು ತಿನ್ನುತ್ತೇನೆ. ಜೊತೆಗೆ ಅಪ್ಪೆಹುಳಿ. ಖಾನಾವಳಿಯ ಯಜಮಾನರು ಕಳಚೆಯ ಕಡೆಯವರು. 2021ರ ಜುಲೈನಲ್ಲಿ ಆ ಊರಿನ ಗುಡ್ಡಗಳು ಜಾರಿ ತೋಟ, ಮನೆ, ದಾರಿ ಎಲ್ಲ ಹೋದವು. ಅದೇ ಮಳೆಗೆ ಗಂಗಾವಳಿ ಏರಿ ಗುಳ್ಳಾಪುರದ ಸೇತುವೆಯನ್ನೂ ಒಯ್ದಿತು. ಶಿರೂರಿನ ಮಾತು ಬಂದಾಗ ಅವರು ಹೇಳಿದರು: "ಹೆದ್ದಾರಿ ಮಾಡಿದ್ದಕ್ಕೇ ಗುಡ್ಡ ಬಿತ್ತು ಹೇಳ್ತ್ರು. ನಮ್ಮಲ್ಲಿ ಯಾವ ಹೆದ್ದಾರಿ ಇತ್ತು ಹೇಳಿ?" ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೊರಟಿದ್ದ ಸುಲಭದ ತೀರ್ಪು ಅಲ್ಲಿ ಅರ್ಧ ಅಲುಗಿತು. ಕಾರವಾರ ಹತ್ತಿರದ ಕಡವಾಡದಲ್ಲಿ 2009ರ ಅಕ್ಟೋಬರ್ 2ರಂದು 19 ಜನ ಮಣ್ಣಿನಡಿ ಹೋದಾಗಲೂ ಅಲ್ಲಿ ಚತುಷ್ಪಥ ಇರಲಿಲ್ಲ. ಈ ಜಿಲ್ಲೆಯ ಗುಡ್ಡಗಳಿಗೆ ಜಾರುವುದು ಮೊದಲೇ ಗೊತ್ತು. ಗೊತ್ತಿದ್ದ ಗುಡ್ಡದ ಬುಡಕ್ಕೇ ಯಂತ್ರ ಹಚ್ಚಿದೆವೆಂಬುದು ಇನ್ನರ್ಧ.

ಅರಬೈಲ್ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿ ಉರುಳಿ ಬಡ ವ್ಯಾಪಾರಿಗಳು ಸತ್ತದ್ದು ಇದೇ ದಾರಿಯಲ್ಲಿ. ಹಳೆಯ ರಸ್ತೆ ಇಲ್ಲಿ ಗುಡ್ಡದ ಮೈಯನ್ನು ಬಳಸಿಕೊಂಡು, ಅದು ಬಾಗಿದಲ್ಲಿ ತಾನೂ ಬಾಗಿ ಇಳಿಯುತ್ತದೆ. ಎತ್ತಿನ ಗಾಡಿಗೆ ಹಾಕಿದ ದಾರಿಗೆ ಗುಡ್ಡದ ಜೊತೆ ಹಟ ಹಿಡಿಯುವ ತ್ರಾಣವಿರಲಿಲ್ಲ. ರಾಮನಗುಳಿಯ ಆಸುಪಾಸಿನಲ್ಲಿ ಹೊಳೆ ಬಸ್ಸಿನ ಪಕ್ಕಕ್ಕೆ ಬಂತು. ಬೇಸಿಗೆಯ ಗಂಗಾವಳಿ ಬಂಡೆಗಳ ನಡುವೆ ಹುಡುಕಿ ನೋಡಬೇಕಾದಷ್ಟು.

ಶಿರೂರಿನಲ್ಲಿ ಆಟೋದಿಂದ ಇಳಿದಾಗ ಮೊದಲು ಅನ್ನಿಸಿದ್ದು ಜಾಗ ಎಷ್ಟು ಇಕ್ಕಟ್ಟು ಎಂದು. ಟಿವಿಯಲ್ಲಿ ಅದು ವಿಶಾಲವಾಗಿ ಕಂಡಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡ, ನಡುವೆ ಹೆದ್ದಾರಿ. ಹೊಳೆಯ ಕಡೆ ಸರಿಯುವ ಹಾಗಿಲ್ಲ, ಗುಡ್ಡದ ಕಡೆ ಸರಿದರೆ ಕೊರೆಯಬೇಕು. ಲಾರಿಗಳು ನಿಂತು ಚಹಾ ಕುಡಿಯುತ್ತಿದ್ದುದು ಇಂಥ ಜಾಗದಲ್ಲೇ ಏಕೆಂದರೆ ನೆರಳೂ ನೀರೂ ಇದ್ದದ್ದು ಇಲ್ಲಿ.

ಅಲ್ಲಿಂದ ಸ್ವಲ್ಪ ಮುಂದೆ ಕೊರೆದ ಗುಡ್ಡದ ಇನ್ನೊಂದು ಮೈ ಸಿಕ್ಕಿತು. ಗೆಳೆಯ ಅದನ್ನು ಪುಸ್ತಕದ ಪುಟದಂತೆ ಓದತೊಡಗಿದ. ಮೇಲ್ಗಡೆ ಕೆಂಪು ಚಿರೆಕಲ್ಲು, ತೂತು ತೂತು. ಅದರ ಕೆಳಗೆ ಬಿಳಿಯೂ ಗುಲಾಬಿಯೂ ಬೆರೆತ ಶೇಡಿ ಮಣ್ಣು. ಅದರ ಕೆಳಗೆ ಅರ್ಧ ಕೊಳೆತ ಕಲ್ಲು, ತಳದಲ್ಲಿ ಗಟ್ಟಿ ಬಂಡೆ. ಶೇಡಿಯನ್ನು ಉಗುರಿನಿಂದ ಕೆರೆದು ಬೆರಳ ನಡುವೆ ಉಜ್ಜಿದೆ. ಮೇ ತಿಂಗಳ ಬಿಸಿಲಿನಲ್ಲೂ ಒಳಗೆ ತಂಪಿತ್ತು, ಟಾಲ್ಕಂ ಪೌಡರಿನ ನುಣುಪು, ಸ್ವಲ್ಪ ಉಗುಳು ಹಚ್ಚಿದರೆ ಬೆರಳು ನಿಲ್ಲಲಿಲ್ಲ. ಚಿರೆಕಲ್ಲು ಮಳೆಯನ್ನು ತಡೆಯುವುದಿಲ್ಲ, ಕುಡಿದು ಕೆಳಗೆ ಬಿಡುತ್ತದೆ. ಶೇಡಿ ಅದನ್ನು ಹಿಡಿದಿಟ್ಟುಕೊಂಡು, ಒಳಗಿನ ನೀರಿನ ಒತ್ತಡಕ್ಕೆ ತನ್ನ ಬಲ ಕಳೆದುಕೊಳ್ಳುತ್ತದೆ. ಆಗ ಮೇಲಿನ ಭಾರ ನಿಂತಿರುವುದು ಬರೀ ಬುಡದ ಆಧಾರದ ಮೇಲೆ. ಆ ಬುಡವನ್ನು ನಾವು ರಸ್ತೆಗೆಂದು ಕತ್ತರಿಸಿ ತೆಗೆದಿರುತ್ತೇವೆ. "ಮಣ್ಣಿಗೆ ತಂದs ಒಂದು ಕೋನ ಇರತೈತಿ," ಎಂದ ಗೆಳೆಯ. "ಅದಕ್ಕಿಂತ ನೆಟ್ಟಗ ಕಡದು ನಿಲ್ಲಸಿದ್ರ ಅದು ಬ್ಯಾಸಿಗ್ಯಾಗ ನಿಂತಂಗ ಮಾಡತೈತಿ."

ಪಕ್ಕದಲ್ಲೊಂದು ಕಡೆ ಗುಡ್ಡದ ಮೈಗೆ ಸಿಮೆಂಟು ಎರಚಿದ್ದರು. ನೀರು ಹೊರಬರಲೆಂದು ನಡುನಡುವೆ ಪ್ಲಾಸ್ಟಿಕ್ ಕೊಳವೆಗಳ ಬಾಯಿ ಬಿಟ್ಟಿದ್ದರು. ಕೈಗೆಟಕುವ ಎತ್ತರದ ಒಂದು ಕೊಳವೆಯೊಳಗೆ ಬಗ್ಗಿ ನೋಡಿದೆ. ಕಣಜ ಮಣ್ಣಿನ ಗೂಡು ಕಟ್ಟಿ ಬಾಯನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು. ಅದರ ಬದಿಯ ಕೊಳವೆಯಲ್ಲಿ ಯಾರೋ ಗುಟ್ಕಾ ಚೀಟಿ ತುರುಕಿದ್ದರು. ಗೆಳೆಯ ಒಂದು ಕಡ್ಡಿ ಹುಡುಕಿ ಎರಡನ್ನೂ ಬಿಡಿಸಿದ. ಉಳಿದವು ಎತ್ತರದಲ್ಲಿದ್ದವು. ಎರಚಿದ ಸಿಮೆಂಟಿನ ಹಿಂದೆ ನೀರು ಸಿಕ್ಕಿಹಾಕಿಕೊಂಡರೆ ಆ ಪದರವೇ ಅದನ್ನು ಕಟ್ಟಿಹಾಕುವ ಅಣೆಕಟ್ಟಾಗುತ್ತದೆ, ಒಂದು ದಿನ ಒಟ್ಟಿಗೇ ಕಳಚುತ್ತದೆ. ಇಂಥ ಗೋಡೆ ಕಟ್ಟಿ ಮುಗಿಸಿದ ದಿನ ಉದ್ಘಾಟನೆ ಇರುತ್ತದೆ, ಫೋಟೋ ಇರುತ್ತದೆ. ವರ್ಷಕ್ಕೊಮ್ಮೆ ಏಣಿ ಹಾಕಿ ಕಣಜದ ಗೂಡು ತೆಗೆಯುವವನ ಫೋಟೋ ಯಾರೂ ತೆಗೆಯುವುದಿಲ್ಲ, ಅವನ ಸಂಬಳಕ್ಕೆ ಬಜೆಟ್ಟಿನಲ್ಲಿ ಸಾಲೂ ಸಿಗುವುದಿಲ್ಲ.

ಸುತ್ತು ಹಾಕಿ ಹೊಳೆಯಾಚೆಯ ಉಳುವರೆ ಎಂಬ ಊರಿಗೆ ಹೋದೆವು. ಶಿರೂರು ಎಂದಾಗ ಹೆದ್ದಾರಿಯ ಚಿತ್ರ ಬರುತ್ತದೆ. ಆದರೆ ಗುಡ್ಡ ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡ ಹತ್ತಿ ಮನೆಗಳನ್ನು ಕೆಡವಿದ್ದು, ಒಬ್ಬ ಹೆಂಗಸಿನ ಪ್ರಾಣ ತೆಗೆದದ್ದು ಇಲ್ಲಿ. ಹೆದ್ದಾರಿಯಲ್ಲಿ ಹೋಗದವರೂ ಹೆದ್ದಾರಿಯ ದಂಡ ಕಟ್ಟಿದ ಊರು. ಹಾಲಕ್ಕಿ ಒಕ್ಕಲಿಗರ ಅಂಗಳದಲ್ಲಿ ಮಣಿಸರ ಹಾಕಿದ ಅಜ್ಜಿಯೊಬ್ಬಳು ಕೂರಲು ಚಾಪೆ ಹಾಸಿ, ಕೇಳುವ ಮೊದಲೇ ಕರಿ ಈಶಾಡು ಹಣ್ಣು ಹೆಚ್ಚಿಕೊಟ್ಟಳು. ಅಂಕೋಲೆಯ ಈ ಮಾವಿನ ತೆಳು ಸಿಪ್ಪೆಯೂ ದಟ್ಟ ತಿರುಳೂ ನಮ್ಮ ಧಾರವಾಡದ ಆಪೂಸಿಗೆ ನಾಚಿಕೆ ತರಿಸುವಂಥದ್ದು. ಊರಿನಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ಹಣ್ಣು ತಿನ್ನುತ್ತಾ ನಾನು, ಪರಿಹಾರ ಏನು ಮಾಡಬೇಕು ಎಂದು ಕೇಳಿದೆ. ಪರಿಹಾರ ಎಂದರೆ ಅವಳಿಗೆ ಸರ್ಕಾರ ಕೊಡುವ ದುಡ್ಡು. ಅದರ ಮಾತು ಮುಗಿಸಿ, ನಾನು ಕೇಳಿದ್ದಕ್ಕೆ ಬಂದಳು. ಬಾವಿಯ ನೀರು ಕೆಂಪಾಗಿದ್ದನ್ನು ಹೇಳಿದಳು, ಎದುರಿನ ಗುಡ್ಡದಲ್ಲಿ ಮೊದಲು ಒರತೆ ಎಲ್ಲೆಲ್ಲಿತ್ತು ಎಂದು ಕೈ ತೋರಿದಳು. "ಮಳೆ ಬಂದ್ರೆ ರಾತ್ರಿ ಗುಡ್ಡ ಕಾಣೂದಿಲ್ಲ ಅಲ್ದಾ, ಅದಕ್ಕೇ ಹೆದ್ರಿಕೆ," ಎಂದಳು. ಎದುರು ದಡದ ಗುಡ್ಡವನ್ನು ದಿನವೂ ನೋಡುವವರು ಇವರು. ಒರತೆ ಎಲ್ಲಿ ಬತ್ತಿತು, ಎಲ್ಲಿ ಹೊಸದಾಗಿ ಜಿನುಗಿತು ಎಂಬ ಲೆಕ್ಕ ಯಾವ ವರದಿಗಿಂತಲೂ ಮುಂಚೆ ಇಲ್ಲಿ ಗೊತ್ತಿರುತ್ತದೆ. ಅದನ್ನು ಬರೆದುಕೊಳ್ಳಲು ಯಾರಾದರೂ ಬರಬೇಕಷ್ಟೆ.

ಅಂಕೋಲೆಯ ವಸತಿಗೃಹದಲ್ಲಿ ರಾತ್ರಿ ಗೆಳೆಯ ಒಂದು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದ. ಕೊರೆದ ಎತ್ತರ 30 ಮೀಟರ್ ಇದ್ದು, ಗುಡ್ಡವನ್ನು 45 ಡಿಗ್ರಿಗೆ ಒರಗಿಸಬೇಕೆಂದರೆ ರಸ್ತೆಯ ಅಂಚಿನಿಂದ ಮೇಲಕ್ಕೆ ಇನ್ನೂ 30 ಮೀಟರ್ ಅಗಲದ ಜಾಗ ಬೇಕು. ಮಣ್ಣು ಸಡಿಲವಿದ್ದರೆ ಇನ್ನೂ ಒರಗಿಸಬೇಕು, ಇನ್ನೂ ಜಾಗ ಬೇಕು. ನಡುವೆ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೆ ಗಟಾರ, ನೆತ್ತಿಯ ಮೇಲೆ ನೀರು ಒಳಗಿಳಿಯುವ ಮುಂಚೆಯೇ ಹಿಡಿದು ಬದಿಗೆ ಒಯ್ಯುವ ಇನ್ನೊಂದು ಗಟಾರ. ನಾಲ್ಕು ಪಥದ ರಸ್ತೆಗಿಂತ ಅದರ ಪಕ್ಕದ ಗುಡ್ಡಕ್ಕೆ ಹೆಚ್ಚು ಜಾಗ ಹೋಗುತ್ತದೆ. ಯಾರದು ಆ ಜಾಗ?

ಈ ಪ್ರಶ್ನೆ ಉತ್ತರ ಕನ್ನಡದಲ್ಲಿ ಕೇಳುವುದು ಸುಲಭವಲ್ಲ. ಕಾಳಿಯ ಅಣೆಕಟ್ಟುಗಳಿಗೆ, ಕೈಗಾ ಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ, ಕೊಂಕಣ ರೈಲಿಗೆ ಒಂದರ ಹಿಂದೊಂದು ಮನೆ ಮಾರು ಬಿಟ್ಟುಕೊಟ್ಟ ಜಿಲ್ಲೆ ಇದು. ಉಳಿದದ್ದರಲ್ಲಿ ಮುಕ್ಕಾಲಿಗೂ ಹೆಚ್ಚು ಕಾಡು. ಹೆದ್ದಾರಿ ಅಗಲಿಸುವ ಮಾತು ಬಂದಾಗ ಜನ ಅಗಲ ಕಡಿಮೆ ಮಾಡಿ ಎಂದು ಬೀದಿಗಿಳಿದದ್ದು ಹಟದಿಂದಲ್ಲ. ಸಮುದ್ರ ಮತ್ತು ಗುಡ್ಡದ ನಡುವೆ ಅವರಿಗಿದ್ದದ್ದೇ ಒಂದು ಪಟ್ಟಿ ನೆಲ. ಆದರೆ ನಾಲ್ಕು ಪಥ ಬೇಕು, ಜಾಗ ಕಡಿಮೆ ಇರಬೇಕು ಎಂದಾಗ ಆ ಕೊರತೆಯನ್ನು ತುಂಬಿಕೊಡುವುದು ಗುಡ್ಡ. ಅದನ್ನು ನೆಟ್ಟಗೆ ಕಡಿಯುತ್ತಾರೆ. ಕುಮಟೆ ಹತ್ತಿರದ ತಂಡ್ರಕುಳಿಯಲ್ಲಿ 2017ರ ಜೂನಿನಲ್ಲಿ ಬಂಡೆಗಳು ಮನೆಗಳ ಮೇಲೆ ಉರುಳಿ ಮಕ್ಕಳು ಸತ್ತಾಗಲೇ ಈ ಲೆಕ್ಕ ಮೇಜಿನ ಮೇಲೆ ಬರಬೇಕಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಗುಡ್ಡಕ್ಕೆ ಅದು ಕೇಳುವಷ್ಟು ಜಾಗ ಕೊಡಲಾಗದ ಕಡೆ ರಸ್ತೆಯೇ ಕಿರಿದಾಗಬೇಕು. ಶಿರೂರಿನಂಥ ಒಂದೆರಡು ಕಿಲೋಮೀಟರಿನಲ್ಲಿ ನಾಲ್ಕು ಪಥ ಎರಡಾದರೆ ಹುಬ್ಬಳ್ಳಿಯ ಮೆಣಸಿನಕಾಯಿ ಮಂಗಳೂರಿಗೆ ಅರ್ಧ ಗಂಟೆ ತಡವಾಗಿ ಮುಟ್ಟೀತು. ಸುರಂಗ ಕೊರೆಯಬಹುದು, ಹೊಳೆಯಂಚಿನಲ್ಲಿ ಕಂಬಗಳ ಮೇಲೆ ರಸ್ತೆ ಒಯ್ಯಬಹುದು. ಕಾರವಾರದ ಬಿಣಗಾ ಸುರಂಗವನ್ನು 2023ರ ಮಳೆಗಾಲದಲ್ಲಿ ಸುರಕ್ಷತೆಯ ಜಗಳಕ್ಕೆ ಮುಚ್ಚಿಟ್ಟ ನೆನಪು ಇನ್ನೂ ಹಸಿಯಾಗಿದೆ. ಸುರಂಗಕ್ಕೂ ಕಣಜದ ಗೂಡು ತೆಗೆಯುವವನು ಬೇಕು.

ಬೆಳಿಗ್ಗೆ ಅಂಕೋಲೆಯಿಂದ ಕುಮಟೆಗೆ ರೈಲು ಹಿಡಿದದ್ದು ನನ್ನ ಹಟಕ್ಕೆ. ಕೊಂಕಣ ರೈಲು ಇದೇ ಮಣ್ಣಿನಲ್ಲಿ, ಇದೇ ಮಳೆಯಲ್ಲಿ 1998ರಿಂದ ಪೂರ್ತಿಯಾಗಿ ಓಡುತ್ತಿದೆ. ಅದಕ್ಕೂ ಪಾಠ ಪುಕ್ಕಟೆ ಸಿಗಲಿಲ್ಲ. 2003ರ ಜೂನಿನಲ್ಲಿ ವೈಭವವಾಡಿ ಬಳಿ ಹಳಿಗೆ ಬಿದ್ದ ಬಂಡೆ ಮಣ್ಣಿಗೆ ರೈಲು ಗುದ್ದಿ 50ಕ್ಕೂ ಹೆಚ್ಚು ಜನ ಸತ್ತರು; ಮರುವರ್ಷವೇ ಮತ್ಸ್ಯಗಂಧ ಹಳಿ ತಪ್ಪಿತು. ಆಮೇಲೆ ಅವರು ಕೊರೆದ ಮೈಗಳನ್ನು ಒರಗಿಸಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು, ಮಣ್ಣಿಗೆ ಮೊಳೆ ಬಡಿದರು, ಲಾವಂಚ ನೆಟ್ಟರು. ಬಂಡೆ ಬಿದ್ದರೆ ಸುಳಿವು ಕೊಡಲು ಬಲೆಗೆ ಕಟ್ಟಿದ ತಂತಿಗೆ 'ರಕ್ಷಾ ಧಾಗಾ' ಎಂದು ಹೆಸರಿಟ್ಟರು. ಕಿಟಕಿಯಿಂದ ನೋಡಿದರೆ ಹಳಿಯ ಪಕ್ಕದ ಗುಡ್ಡಗಳಿಗೆ ಮೆಟ್ಟಿಲು, ಮೆಟ್ಟಿಲಿಗೆ ಹುಲ್ಲು. ಆದರೆ ಇದೆಲ್ಲ ಆದಮೇಲೂ ಅವರು ಗುಡ್ಡವನ್ನು ನಂಬುವುದಿಲ್ಲ. ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ, ರೈಲುಗಳ ವೇಗ ಕಡಿಮೆ, ಜೋರು ಮಳೆಯಾದರೆ ಗಂಟೆಗೆ 40 ಕಿಲೋಮೀಟರ್ ದಾಟುವ ಹಾಗಿಲ್ಲ, ಹಳಿಯುದ್ದಕ್ಕೂ ಹಗಲಿರುಳು ಗಸ್ತಿನವರು ನಡೆಯುತ್ತಾರೆ. ಶಿರೂರಿಗೆ ಎರಡೇ ದಿನ ಮುಂಚೆ, 2024ರ ಜುಲೈ 14ರಂದು, ರತ್ನಾಗಿರಿ ಜಿಲ್ಲೆಯ ದಿವಾಣಖವಟಿ ಬಳಿ ಈ ಹಳಿಯ ಮೇಲೂ ಮಣ್ಣು ಬಿತ್ತು. ರೈಲುಗಳು ನಿಂತವು, ರದ್ದಾದವು, ಪ್ರಯಾಣಿಕರು ಬೈದರು. ಯಾರೂ ಸಾಯಲಿಲ್ಲ.

ಹೆದ್ದಾರಿಗೆ ಮಳೆಗಾಲದ ವೇಳಾಪಟ್ಟಿ ಎಂಬುದಿಲ್ಲ. ಜುಲೈನಲ್ಲೂ ಅದು ಜನವರಿಯ ವೇಗದಲ್ಲೇ ಓಡುತ್ತದೆ. ಕಡಿದ ಗುಡ್ಡಗಳ ಲೆಕ್ಕ ಇಡುವ ಊರೂ ಇದೆ. ಹಾಂಗ್‌ಕಾಂಗಿನಲ್ಲಿ 1972ರ ಜೂನ್ 18ರ ಒಂದೇ ದಿನ ಎರಡು ಕಡೆ ಗುಡ್ಡ ಜಾರಿ 138 ಜನ ಸತ್ತರು, 1976ರಲ್ಲಿ ಮತ್ತೆ ಅದೇ ಆಯಿತು. 1977ರಲ್ಲಿ ಇಳಿಜಾರುಗಳಿಗೆಂದೇ ಒಂದು ಕಚೇರಿ ತೆರೆದರು. ಇಂದು ಅಲ್ಲಿ ಮನುಷ್ಯ ಕಡಿದ ಸುಮಾರು 60,000 ಇಳಿಜಾರುಗಳಿಗೆ ಒಂದೊಂದಕ್ಕೂ ನಂಬರಿದೆ, ಅದನ್ನು ನೋಡಿಕೊಳ್ಳಬೇಕಾದವರು ಯಾರೆಂಬ ದಾಖಲೆಯಿದೆ. ನಮ್ಮಲ್ಲಿ ಆಟೋಕ್ಕೆ ನಂಬರಿದೆ, ಬೀದಿದೀಪದ ಕಂಬಕ್ಕೆ ನಂಬರಿದೆ. ಶಿರೂರಿನಿಂದ ಕುಮಟೆಯವರೆಗೆ ನಾವು ನೋಡಿದ ಯಾವ ಕೊರೆದ ಗುಡ್ಡದ ಮೇಲೂ ಅಂಥದೊಂದು ಫಲಕ ಕಾಣಲಿಲ್ಲ.

ಕುಮಟೆಯಲ್ಲಿ ರಸ್ತೆ ಬದಿಯ ಸಿಹಿ ಈರುಳ್ಳಿಯ ಜಡೆ ಕೊಂಡು ಯಲ್ಲಾಪುರದ ಮೇಲಿಂದ ಹೋಗುವ ಹುಬ್ಬಳ್ಳಿ ಬಸ್ಸು ಹತ್ತಿದೆವು. ಅರಬೈಲ್ ಏರುವಾಗ ಒಂದು ತಿರುವಿನಲ್ಲಿ ಕೆಂಪು ಬಟ್ಟೆ ಹಿಡಿದವನೊಬ್ಬ ಬಸ್ಸು ನಿಲ್ಲಿಸಿದ. ಮುಂದೆ ಜೆಸಿಬಿ ಗುಡ್ಡದ ಬದಿಯ ಗಟಾರದಿಂದ ಎಲೆ, ಮಣ್ಣು, ಬಾಟಲಿ ಎತ್ತಿ ಟಿಪ್ಪರಿಗೆ ಸುರಿಯುತ್ತಿತ್ತು. ಹತ್ತು ನಿಮಿಷ ಆಗುವಷ್ಟರಲ್ಲಿ ಬಸ್ಸಿನೊಳಗೆ ಗೊಣಗು ಶುರುವಾಯಿತು. ಮುಂದಿನ ಸೀಟಿನವರೊಬ್ಬರು ಕಂಡಕ್ಟರನ ಮೇಲೆ ಹರಿಹಾಯ್ದರು: "ಮಳಿ ಇನ್ನೂ ತಿಂಗಳ ಐತಿ, ಈಗ ಯಾಕ ಬೇಕಿತ್ರಿ ಇದು?" ನನ್ನ ಕೈಯೂ ಗಡಿಯಾರದ ಕಡೆ ಹೋಗಿತ್ತು. ಗೆಳೆಯ ಇಳಿದು ಕೆಲಸದವರ ಹತ್ತಿರ ಹೋದ, ನಾನೂ ಹಿಂದೆ ಹೋದೆ. ಗಟಾರ ಸೊಗಸಾಗಿ ಬಿಡಿಸುತ್ತಿದ್ದರು, ತಳದ ಕಲ್ಲು ಕಾಣುವ ಹಾಗೆ. ಗೆಳೆಯ ಕತ್ತೆತ್ತಿ ಗುಡ್ಡದ ನೆತ್ತಿ ನೋಡುತ್ತಾ ಕೇಳಿದ: "ಮ್ಯಾಲಿನ ಗಟಾರನೂ ತಗೀತೀರೇನು?"

ಮುಕಾದಮ ತಲೆಗೆ ಸುತ್ತಿದ್ದ ಟವೆಲಿನಿಂದ ಮುಖ ಒರೆಸಿಕೊಂಡ. "ಅಲ್ಲಿಗಂಟ ನಮ್ಮ ಹದ್ದು ಬರೂದಿಲ್ರಿ ಸಾಹೇಬ್ರ. ನಮ್ಮದು ಇಷ್ಟ," ಎಂದು ಬೂಟಿನಿಂದ ರಸ್ತೆಯ ಅಂಚಿನ ಬಿಳಿ ಪಟ್ಟಿ ತೋರಿಸಿದ.

ಮೇಲಿನದು ಯಾರ ಹದ್ದು ಎಂದು ಕೇಳುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ.